ಜೈಲಿನಲ್ಲಿ ನರ್ಸ್ ಕೆಲಸ: ಒಪ್ಪಿಕೊಳ್ಳುವ ಮುಂಚೆ

ಪ್ರಶ್ನೆ: ಕೆಲವು ವರ್ಷಗಳಿಂದ ಮೆಡಿಕಲ್ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಜೈಲಿನ ಆರೋಗ್ಯ ವಿಭಾಗದಲ್ಲಿ ಕೆಲಸ ಖಾಲಿ ಇದೆ ಎಂದು ಗೊತ್ತಾಯಿತು. ಅರ್ಜಿ ಹಾಕಲು ಮನಸ್ಸಿದೆ. ಮನೆಯವರು ಅಪಾಯ, ಬೇಡ ಎನ್ನುತ್ತಾರೆ. ಜೊತೆಯ ನರ್ಸುಗಳು ‘ಅಲ್ಲಿ ಬರೀ ಮಾತ್ರೆ ಹಂಚೋ ಕೆಲಸ, ಕಲಿತದ್ದೂ ಮರೆತುಹೋಗುತ್ತೆ’ ಎನ್ನುತ್ತಾರೆ. ಕೊಲೆ, ಅತ್ಯಾಚಾರ ಮಾಡಿದವರನ್ನು ನೋಡಿಕೊಳ್ಳಲು ನನ್ನಿಂದ ಆಗುತ್ತದೆಯೇ ಎಂಬ ಅಳುಕು ನನಗೇ ಇದೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಅಳುಕುಗಳಿವೆ. ಮೂರೂ ನಿಜವಾದವೇ. ಜೈಲಿನಲ್ಲಿ ಕೆಲಸ ಮಾಡಿದವಳಾಗಿ ಮೂರಕ್ಕೂ ಉತ್ತರ ಹೇಳುತ್ತೇನೆ. ಆದರೆ ನೀವು ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ. ನನ್ನ ಪ್ರಕಾರ ಅದೇ ಎಲ್ಲಕ್ಕಿಂತ ದೊಡ್ಡದು. ರೋಗಿಗೆ ಒಂದು ಬೇಕು, ಜೈಲಿನ ವ್ಯವಸ್ಥೆಗೆ ಇನ್ನೊಂದು ಬೇಕು ಎಂದಾದಾಗ ನೀವು ಯಾರ ಕಡೆ ನಿಲ್ಲುತ್ತೀರಿ? ಹಾಗೆ ನಿಂತಾಗ ನಿಮ್ಮ ಬೆನ್ನಿಗೆ ಯಾರಿರುತ್ತಾರೆ? ಈ ಕೆಲಸ ನಿಮಗೆ ಸರಿಯೇ ಎಂಬುದು ಇದರ ಮೇಲೇ ನಿಂತಿದೆ.

ಮೊದಲು ಅಪಾಯದ ವಿಷಯ. ಮನೆಯವರ ಕಳವಳ ಸಹಜ. ಆದರೆ ಒಂದು ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗವನ್ನು ನೆನಪಿಸಿಕೊಳ್ಳಿ. ಅಲ್ಲಿ ಯಾರು ಬೇಕಾದರೂ ಒಳಗೆ ಬರಬಹುದು. ಕುಡಿದವರು ಬರುತ್ತಾರೆ, ಸಿಟ್ಟಾದ ಸಂಬಂಧಿಕರು ಬರುತ್ತಾರೆ. ಅವರ ಜೇಬಿನಲ್ಲಿ ಏನಿದೆ ಎಂದು ಯಾರೂ ನೋಡಿರುವುದಿಲ್ಲ. ಜೈಲಿನಲ್ಲಿ ನಿಮ್ಮ ಮುಂದೆ ಬಂದು ಕೂರುವವನನ್ನು ತಪಾಸಣೆ ಮಾಡಿ ಕಳಿಸಿರುತ್ತಾರೆ. ಕೂಗಿದರೆ ಕೇಳುವಷ್ಟು ದೂರದಲ್ಲಿ ಕಾವಲು ಸಿಬ್ಬಂದಿ ಇರುತ್ತಾರೆ. ಅಪಾಯವೇ ಇಲ್ಲ ಎನ್ನುತ್ತಿಲ್ಲ. ಬಾಗಿಲಿಗೆ ಹತ್ತಿರದ ಕುರ್ಚಿ ನಿಮ್ಮದಾಗಿರಬೇಕು. ಕತ್ತರಿ, ಸೂಜಿ, ಬ್ಲೇಡುಗಳನ್ನು ಶಿಫ್ಟಿನ ಶುರುವಿಗೂ ಕೊನೆಗೂ ಎಣಿಸಬೇಕು. ಒಂದು ಕಡಿಮೆಯಾದರೂ ತಕ್ಷಣ ಹೇಳಬೇಕು. ಅಲಾರಂ ಎಲ್ಲಿದೆ, ಹೇಗೆ ಒತ್ತಬೇಕು ಎಂದು ಮೊದಲ ದಿನವೇ ಕೇಳಿಕೊಳ್ಳಬೇಕು. ಇವೆಲ್ಲ ಕೆಲವೇ ವಾರಗಳಲ್ಲಿ ರೂಢಿಯಾಗುತ್ತವೆ.

ಹೊಡೆತಕ್ಕಿಂತ ಜಾಸ್ತಿ ಎಚ್ಚರ ಬೇಕಿರುವುದು ಸಣ್ಣ ಉಪಕಾರಗಳ ಬಗ್ಗೆ. ‘ಸಿಸ್ಟರ್, ಈ ಚೀಟಿ ಹೊರಗೆ ಕೊಡ್ತೀರಾ?’ ‘ಮನೆಗೊಂದು ಫೋನ್ ಮಾಡಿ ಹುಷಾರಾಗಿದ್ದೀನಿ ಅಂತ ಹೇಳಿ, ಅಷ್ಟೇ.’ ಕೇಳಲು ಎಷ್ಟು ಚಿಕ್ಕದು, ಅಲ್ವಾ? ಕೇಳಿದವನು ನಿಜವಾಗಿಯೂ ದುಃಖದಲ್ಲಿರಬಹುದು. ಆದರೆ ಒಮ್ಮೆ ನಿಯಮ ಮುರಿದರೆ ಅದನ್ನೇ ಹಿಡಿದುಕೊಂಡು ಮುಂದಿನದನ್ನು ಕೇಳುವವರೂ ಅಲ್ಲಿದ್ದಾರೆ. ಚೀಟಿಯ ನಂತರ ಮಾತ್ರೆ, ಮಾತ್ರೆಯ ನಂತರ ಮೊಬೈಲ್. ಕೊನೆಗೆ ಕೆಲಸವೂ ಹೋಗುತ್ತದೆ, ಕೆಲವೊಮ್ಮೆ ಕೇಸೂ ಬೀಳುತ್ತದೆ. ಹೀಗೆ ಸಿಕ್ಕಿಬೀಳುವವರು ಕೆಟ್ಟವರೇ ಆಗಿರಬೇಕಿಲ್ಲ. ಮೃದು ಮನಸ್ಸಿನವರು, ಇಲ್ಲ ಎನ್ನಲು ಬಾರದವರು ಸುಲಭವಾಗಿ ಸಿಕ್ಕಿಬೀಳುತ್ತಾರೆ. ‘ಅದು ನನ್ನಿಂದ ಆಗೋದಿಲ್ಲ, ಆದರೆ ನಿಮ್ಮ ಕಲ್ಯಾಣಾಧಿಕಾರಿಗೆ ಈಗಲೇ ತಿಳಿಸುತ್ತೇನೆ’ ಎಂದು ನಗುಮುಖದಲ್ಲೇ ಹೇಳಿ, ಆಮೇಲೆ ನಿಜವಾಗಿಯೂ ತಿಳಿಸಿ. ನಿಮ್ಮ ಮನೆ, ಮಕ್ಕಳು, ಊರಿನ ವಿಷಯ ಅಲ್ಲಿ ಮಾತಾಡಬೇಡಿ. ಯಾರಾದರೂ ಇಂಥದ್ದನ್ನು ಕೇಳಿದರೆ ಮೊದಲ ಸಲವೇ ಮೇಲಿನವರ ಗಮನಕ್ಕೆ ತನ್ನಿ. ಮೂರನೆಯ ಸಲದ ನಂತರ ಹೇಳಿದರೆ ನಿಮ್ಮನ್ನೇ ಅನುಮಾನಿಸುತ್ತಾರೆ.

ಇನ್ನು ‘ಬರೀ ಮಾತ್ರೆ ಹಂಚೋ ಕೆಲಸ’ ಎಂಬ ಮಾತು. ಇದನ್ನು ಹೇಳಿದವರು ಜೈಲಿನೊಳಗೆ ಒಂದು ರಾತ್ರಿ ಪಾಳಿ ಮಾಡಿರಲಿಕ್ಕಿಲ್ಲ. ಮಾತ್ರೆ ಕೊಡುವ ಕೆಲಸ ಇದೆ, ಬಹಳವೇ ಇದೆ. ಆದರೆ ಆಸ್ಪತ್ರೆಯಲ್ಲಿ ಒಂದು ಸಂದೇಹ ಬಂದರೆ ಪಕ್ಕದಲ್ಲೇ ಡ್ಯೂಟಿ ಡಾಕ್ಟರ್ ಇರುತ್ತಾರೆ, ಲ್ಯಾಬ್ ಇರುತ್ತದೆ, ಇನ್ನೊಬ್ಬ ನರ್ಸ್ ಇರುತ್ತಾರೆ. ಅನೇಕ ಜೈಲುಗಳಲ್ಲಿ ಕತ್ತಲಾದ ಮೇಲೆ ಇರುವುದು ನೀವು, ನಿಮ್ಮ ಸ್ಟೆತಾಸ್ಕೋಪು, ಫೋನಿನಲ್ಲಿ ಸಿಗುವ ಡಾಕ್ಟರು. ರೋಗಿಗೆ ಬೇರೆ ಆಸ್ಪತ್ರೆಗೆ ಹೋಗುವ ಆಯ್ಕೆ ಇಲ್ಲ. ಮೆಡಿಕಲ್ ಶಾಪಿಗೆ ಹೋಗುವಂತಿಲ್ಲ, ಮನೆಯವರು ಕರೆದುಕೊಂಡು ಹೋಗುವಂತಿಲ್ಲ. ನೀವು ‘ಏನಿಲ್ಲ, ಮಲಗು’ ಎಂದರೆ ಅವನ ಪಾಲಿಗೆ ಅಲ್ಲಿಗೇ ಮುಗಿಯಿತು. ಹಾಗಾಗಿ ಕೈದಿಯನ್ನು ನೋಡಿ, ಮುಟ್ಟಿ, ಕೇಳಿ ನಿರ್ಧರಿಸುವ ನಿಮ್ಮ ಕೌಶಲ ಇಲ್ಲಿ ಹರಿತವಾಗುತ್ತದೆ. ವೆಂಟಿಲೇಟರು, ದೊಡ್ಡ ರಕ್ತನಾಳಕ್ಕೆ ಹಾಕುವ ಸೆಂಟ್ರಲ್ ಲೈನುಗಳ ಕೈಚಳಕ ಕಡಿಮೆಯಾಗಬಹುದು, ಅದು ನಿಜ. ಮುಂದೆ ಐಸಿಯುನಲ್ಲಿ ಬೆಳೆಯಬೇಕೆಂಬ ಆಸೆ ಇದ್ದರೆ ಇದು ನಿಮ್ಮ ದಾರಿಯಲ್ಲ.

ಹೊಸ ಕೈದಿ ಬಂದ ದಿನವನ್ನೇ ತೆಗೆದುಕೊಳ್ಳಿ. ನರ್ಸ್ ಮಾಡುವ ಅತಿ ಮುಖ್ಯ ಕೆಲಸ ಆ ಮೊದಲ ತಪಾಸಣೆ. ಏನು ಕಾಯಿಲೆ ಇದೆ, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದ, ಕೆಮ್ಮು ಎಷ್ಟು ದಿನದಿಂದ ಇದೆ, ಮೈಮೇಲೆ ಗಾಯವಿದೆಯೇ, ಸಾಯುವ ಯೋಚನೆ ಬಂದಿದೆಯೇ? ಜೊತೆಗೆ, ಕೊನೆಯ ಸಲ ಯಾವಾಗ ಕುಡಿದ? ದಿನಾ ಜಾಸ್ತಿ ಕುಡಿಯುವವನಿಗೆ ಮದ್ಯ ಸಿಗದೆ ಹೋದರೆ 6ರಿಂದ 24 ಗಂಟೆಯೊಳಗೆ ಕೈ ನಡುಕ, ಬೆವರು, ಚಡಪಡಿಕೆ ಶುರುವಾಗುತ್ತದೆ. ಮೊದಲ 2 ದಿನಗಳಲ್ಲಿ ಫಿಟ್ಸ್ ಬರಬಹುದು. 48ರಿಂದ 72 ಗಂಟೆಯ ಹೊತ್ತಿಗೆ ಕೆಲವರಿಗೆ ಡೆಲಿರಿಯಂ ಟ್ರೆಮೆನ್ಸ್ ಬರುತ್ತದೆ. ಎಲ್ಲಿದ್ದೇನೆಂದು ಗೊತ್ತಿಲ್ಲ, ಇಲ್ಲದ್ದು ಕಾಣುತ್ತದೆ, ಕಿರುಚುತ್ತಾನೆ, ಬಡಿದಾಡುತ್ತಾನೆ. ಚಿಕಿತ್ಸೆ ಸಿಗದಿದ್ದರೆ ಸಾಯಬಹುದು. ಸೆಲ್ಲಿನ ಹೊರಗಿನಿಂದ ನೋಡುವ ಕಾವಲುಗಾರನಿಗೆ ಇದು ಗಲಾಟೆ ಮಾಡುವ ಕೈದಿಯಂತೆ ಕಾಣುತ್ತದೆ. ಅವನ ತರಬೇತಿಯೇ ಹಾಗಿದೆ, ಅವನ ತಪ್ಪಲ್ಲ. ಮೊದಲ ದಿನ ನೀವು ಕೇಳಿ ಬರೆದಿಟ್ಟ ಒಂದು ಸಾಲು, ಲಕ್ಷಣಗಳಿಗೆ ಅಂಕ ಹಾಕುತ್ತಾ ಗಂಟೆಗಂಟೆಗೂ ಮಾಡಿದ ಪರೀಕ್ಷೆ, ಸರಿಯಾದ ಹೊತ್ತಿಗೆ ಡಾಕ್ಟರಿಗೆ ಮಾಡಿದ ಫೋನು ಆ ಮನುಷ್ಯನನ್ನು ಉಳಿಸುತ್ತವೆ. ಹೆರಾಯಿನ್ ಬಿಟ್ಟವರ ಸಂಕಟವೂ ಇದೇ ಹೊತ್ತಿಗೆ ಶುರುವಾಗುತ್ತದೆ. ಅದರಿಂದ ನೇರವಾಗಿ ಸಾಯುವುದು ಕಡಿಮೆ. ಆದರೆ ವಾಂತಿ ಭೇದಿಯಿಂದ ದೇಹ ಒಣಗಿ ಪ್ರಾಣ ಹೋದ ಉದಾಹರಣೆಗಳಿವೆ. ಆದ್ದರಿಂದ ‘ಮಾಡಿದ್ದುಣ್ಣಲಿ’ ಎಂದು ಬಿಡುವಂತಿಲ್ಲ.

ಸಕ್ಕರೆ ಕಾಯಿಲೆ ಇನ್ನೊಂದು ಪಾಠ. ಆಸ್ಪತ್ರೆಯಲ್ಲಿ ಇನ್ಸುಲಿನ್ ಕೊಟ್ಟ ಅರ್ಧ ಗಂಟೆಯಲ್ಲಿ ಊಟ ಬರುತ್ತದೆ. ಜೈಲಿನಲ್ಲಿ ಕೈದಿಗಳ ಎಣಿಕೆ ತಾಳೆಯಾಗದೆ ಎಲ್ಲರನ್ನೂ ಬೀಗ ಹಾಕಿ ಕೂರಿಸಿದರೆ ಊಟ ಎರಡು ಗಂಟೆ ತಡವಾಗಬಹುದು. ಇನ್ಸುಲಿನ್ ಆಗಲೇ ಒಳಗೆ ಹೋಗಿದೆ, ಊಟವಿಲ್ಲದೆ ಶುಗರ್ ಕುಸಿಯುತ್ತದೆ. ಹಾಗಾಗಿ ಇಲ್ಲಿ ಸಿರಿಂಜ್ ಹಿಡಿಯುವ ಮುಂಚೆ ‘ಊಟ ಎಲ್ಲಿಗೆ ಬಂತು?’ ಎಂದು ಕೇಳುವುದನ್ನು ಕಲಿಯುತ್ತೀರಿ. ಶುಗರ್ ಕಡಿಮೆಯಾಗಿ ತೊದಲುತ್ತಿರುವವನನ್ನು ‘ಏನೋ ಸೇವಿಸಿದ್ದಾನೆ’ ಎಂದು ಎಳೆದುತರುವುದೂ ಉಂಟು. ಗ್ಲೂಕೋಮೀಟರ್ ಚುಚ್ಚಿದರೆ ಅರ್ಧ ನಿಮಿಷದಲ್ಲಿ ನಿಜ ಗೊತ್ತಾಗುತ್ತದೆ.

‘ನಾಟಕ ಮಾಡ್ತಾರೆ’ ಎನ್ನುವುದನ್ನು ನೀವು ದಿನಾ ಕೇಳುತ್ತೀರಿ. ಮಾಡುವವರು ಇದ್ದೇ ಇದ್ದಾರೆ. ನಿದ್ದೆಯ ಮಾತ್ರೆಗೆ, ನೋವಿನ ಮಾತ್ರೆಗೆ, ಬಿಸಿಲಿನ ಕೆಲಸ ತಪ್ಪಿಸಿಕೊಳ್ಳಲು, ಸುಮ್ನೆ ಒಬ್ಬ ಮನುಷ್ಯನ ಜೊತೆ ಐದು ನಿಮಿಷ ಮಾತಾಡಲು ಬರುತ್ತಾರೆ. ಮಾತ್ರೆಯನ್ನು ಕೆನ್ನೆಯೊಳಗೆ ಅಡಗಿಸಿ ಆಮೇಲೆ ಮಾರುವವರಿದ್ದಾರೆ. ಬಲವಂತಕ್ಕೆ ಹೆದರಿ ತನ್ನ ಮಾತ್ರೆಯನ್ನು ಇನ್ನೊಬ್ಬನಿಗೆ ಕೊಡುವವರೂ ಇದ್ದಾರೆ. ಹಾಗಾಗಿ ನುಂಗಿಸಿ, ನೀರು ಕುಡಿಸಿ, ಬಾಯಿ ತೆರೆಸಿ ನೋಡಬೇಕು. ಆದರೆ ನಾನು ಗಟ್ಟಿಯಾಗಿ ನಂಬಿರುವುದು ಇಷ್ಟು: ಹತ್ತು ಸಲ ಮೋಸ ಹೋದರೆ ನಷ್ಟವಾಗುವುದು ನಮ್ಮ ಸಮಯ. ಒಂದು ಹೃದಯಾಘಾತವನ್ನು ನಾಟಕ ಎಂದುಕೊಂಡರೆ ಹೋಗುವುದು ಜೀವ. ಎದೆನೋವು ಎಂದು ಬಂದವನು ನಿನ್ನೆಯೂ ಬಂದಿದ್ದ, ಮೊನ್ನೆಯೂ ಬಂದಿದ್ದ ಎಂದು ಇವತ್ತು ಇಸಿಜಿ ಬಿಡಬೇಡಿ. ಪ್ರತಿ ಸಲವೂ ನಾಡಿ, ಬಿಪಿ, ಉಸಿರು, ಆಮ್ಲಜನಕ ನೋಡಿ ಬರೆಯಿರಿ. ಸುಳ್ಳು ಹೇಳುವವನಿಗೂ ಕಾಯಿಲೆ ಬರುತ್ತದೆ.

ನಿಮ್ಮ ಮೂರನೆಯ ಅಳುಕು ಅಪರಾಧದ್ದು. ಇಲ್ಲಿ ನನ್ನ ಸಲಹೆ ನೇರ. ಯಾರು ಏನು ಮಾಡಿ ಒಳಗೆ ಬಂದಿದ್ದಾರೆ ಎಂದು ಹುಡುಕಲು ಹೋಗಬೇಡಿ. ಚಿಕಿತ್ಸೆಗೆ ಅದು ಬೇಕಾಗುವುದು ತೀರಾ ಅಪರೂಪ. ಗೊತ್ತಾದ ಮೇಲೆ ಗೊತ್ತಿಲ್ಲದಂತೆ ಇರುವುದು ಕಷ್ಟ. ಒಳಗಿರುವವರಲ್ಲಿ ತೀರ್ಪೇ ಆಗದ ವಿಚಾರಣಾಧೀನ ಕೈದಿಗಳೂ ಇರುತ್ತಾರೆ ಎಂಬುದನ್ನೂ ಮರೆಯಬೇಡಿ. ಶಿಕ್ಷೆ ಕೊಡುವುದು ಕೋರ್ಟಿನ ಕೆಲಸ, ನಮ್ಮದಲ್ಲ. ನೋವಿನ ಮಾತ್ರೆ ತಡಮಾಡಿ ಅದಕ್ಕೆ ನಾವೂ ಒಂದಿಷ್ಟು ಸೇರಿಸುವ ಹಾಗಿಲ್ಲ. ಇಷ್ಟಾದರೂ ಕೆಲವು ದಿನ ವಿಷಯ ಕಿವಿಗೆ ಬೀಳುತ್ತದೆ, ಹೊಟ್ಟೆ ತೊಳಸುತ್ತದೆ. ಆಗ ನಿಮ್ಮ ಬಗ್ಗೆ ನಾಚಿಕೆಪಡಬೇಡಿ. ಅವನ ಮೇಲೆ ಪ್ರೀತಿ ಹುಟ್ಟಬೇಕೆಂದು ಯಾರೂ ಕೇಳುತ್ತಿಲ್ಲ. ಡ್ರೆಸ್ಸಿಂಗ್ ಸರಿಯಾಗಿ ಆಗಬೇಕು, ಮಾತು ಮರ್ಯಾದೆಯಿಂದ ಇರಬೇಕು, ಅಷ್ಟೇ. ನಿಮ್ಮ ಬದುಕಿನಲ್ಲೇ ಅಂಥ ಒಂದು ಗಾಯವಿದ್ದರೆ ಮಾತ್ರ ಮೇಲಿನವರಿಗೆ ಮೊದಲೇ ಹೇಳಿ, ಆ ರೋಗಿಯನ್ನು ಇನ್ನೊಬ್ಬರಿಗೆ ವಹಿಸುವಂತೆ ಕೇಳಿಕೊಳ್ಳಿ.

ಈಗ ನೀವು ಕೇಳದ ಪ್ರಶ್ನೆಗೆ ಬರೋಣ.

ಜೈಲಿನಲ್ಲಿ ನರ್ಸ್ ಎರಡು ಕಡೆಯಿಂದ ಎಳೆತಕ್ಕೆ ಸಿಗುತ್ತಾಳೆ. ಸಂಬಳ ಒಂದು ವ್ಯವಸ್ಥೆಯದು, ರೋಗಿ ಅದೇ ವ್ಯವಸ್ಥೆಯ ಬಂಧನದಲ್ಲಿ. ಅಧಿಕಾರಿಯೊಬ್ಬ ಬಂದು ‘ಅವನಿಗೆ ಎಚ್‌ಐವಿ ಇದೆಯಾ, ಸುಮ್ನೆ ಗೊತ್ತಿರಲಿ ಅಂತ’ ಎಂದು ಕೇಳುತ್ತಾನೆ. ಇನ್ನೊಬ್ಬ ‘ಒಂಟಿ ಸೆಲ್ಲಿಗೆ ಹಾಕಬೇಕು, ಫಿಟ್ ಇದ್ದಾನೆ ಅಂತ ಒಂದು ಸಹಿ ಹಾಕಿ’ ಎನ್ನುತ್ತಾನೆ. ಮತ್ತೊಬ್ಬ ‘ಮೈಯೊಳಗೆ ಏನೋ ಬಚ್ಚಿಟ್ಟಿದ್ದಾನೆ, ನೀವೇ ಪರೀಕ್ಷೆ ಮಾಡಿ’ ಎನ್ನುತ್ತಾನೆ. ಎಲ್ಲರೂ ಒಟ್ಟಿಗೆ ಚಹಾ ಕುಡಿಯುವವರೇ. ಮುಖ ಕೊಟ್ಟು ಇಲ್ಲ ಎನ್ನುವುದು ಸುಲಭವಲ್ಲ.

ಅದಕ್ಕೇ ನಿಯಮಗಳು ಬಾಯಲ್ಲಿರಬೇಕು. 2015ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಕೈದಿಗಳ ಬಗ್ಗೆ 122 ನಿಯಮಗಳನ್ನು ಒಪ್ಪಿಕೊಂಡಿತು. 27 ವರ್ಷ ಸೆರೆಯಲ್ಲಿದ್ದ, ಅಲ್ಲೇ ಕ್ಷಯವನ್ನೂ ಅನುಭವಿಸಿದ ನೆಲ್ಸನ್ ಮಂಡೇಲಾ ಅವರ ಹೆಸರನ್ನು ಅವಕ್ಕೆ ಇಟ್ಟಿದ್ದಾರೆ. ಕೆಲಸಕ್ಕೆ ಸೇರುವ ಮುನ್ನ ಅದರ ಆರೋಗ್ಯದ ಭಾಗವನ್ನು ಓದಿಕೊಳ್ಳಿ. 24ನೆಯ ನಿಯಮ: ಹೊರಗಿನ ಜನರಿಗೆ ಸಿಗುವ ಮಟ್ಟದ ಚಿಕಿತ್ಸೆಯೇ ಕೈದಿಗೂ ಸಿಗಬೇಕು, ಉಚಿತವಾಗಿ. 27: ಚಿಕಿತ್ಸೆಯ ತೀರ್ಮಾನ ವೈದ್ಯಕೀಯ ಸಿಬ್ಬಂದಿಯದು, ಜೈಲಿನ ಬೇರೆ ಸಿಬ್ಬಂದಿ ಅದನ್ನು ತಳ್ಳಿಹಾಕುವಂತಿಲ್ಲ. 31: ವೈದ್ಯಕೀಯ ಪರೀಕ್ಷೆ ಪೂರ್ತಿ ಗೋಪ್ಯವಾಗಿ ನಡೆಯಬೇಕು. 46: ಶಿಕ್ಷೆ ವಿಧಿಸುವುದರಲ್ಲಿ ವೈದ್ಯಕೀಯ ಸಿಬ್ಬಂದಿಗೆ ಯಾವ ಪಾತ್ರವೂ ಇರಬಾರದು, ಆದರೆ ಬೇರೆಯಾಗಿ ಇಟ್ಟ ಕೈದಿಯನ್ನು ಅವರು ದಿನಾ ಹೋಗಿ ನೋಡಬೇಕು. 52: ದೇಹದೊಳಗಿನ ಶೋಧ ಮಾಡಲೇಬೇಕಾದರೆ ಆ ಕೈದಿಯ ಚಿಕಿತ್ಸೆ ನೋಡಿಕೊಳ್ಳುವವರು ಅದನ್ನು ಮಾಡಬಾರದು. 48: ಹೆರಿಗೆ ನೋವಿನಲ್ಲಿ, ಹೆರಿಗೆಯಲ್ಲಿ, ಅದಾದ ತಕ್ಷಣ ಹೆಣ್ಣುಮಗಳಿಗೆ ಬೇಡಿ ಹಾಕಬಾರದು. ‘ನನಗೆ ಇಷ್ಟವಿಲ್ಲ’ ಎಂದರೆ ವಾದ ಬೆಳೆಯುತ್ತದೆ. ‘ನಿಯಮ ಹೀಗಿದೆ, ಬೇಕಾದರೆ ಬರೆದುಕೊಡಿ’ ಎಂದರೆ ಬಹಳ ಸಲ ಅಲ್ಲಿಗೇ ನಿಲ್ಲುತ್ತದೆ.

ಗಾಯಗಳ ವಿಷಯ ಎಲ್ಲಕ್ಕಿಂತ ಕಠಿಣ. ಬೆನ್ನಿನ ಮೇಲೆ ಬಾಸುಂಡೆ ಇದೆ, ‘ಬಾತ್‌ರೂಮಿನಲ್ಲಿ ಜಾರಿ ಬಿದ್ದ’ ಎಂದು ಜೊತೆಗೆ ಬಂದವರು ಹೇಳುತ್ತಾರೆ, ಕೈದಿ ಸುಮ್ಮನಿರುತ್ತಾನೆ. ನೀವು ಪೊಲೀಸ್ ಅಲ್ಲ, ತನಿಖೆ ಮಾಡುವುದು ಬೇಡ. ಆದರೆ ಕಂಡದ್ದನ್ನು ಕಂಡ ಹಾಗೆ ಬರೆಯಿರಿ: ಎಲ್ಲಿ, ಎಷ್ಟು ಉದ್ದ, ಯಾವ ಬಣ್ಣ, ಯಾವ ಆಕಾರ. ದೇಹದ ಚಿತ್ರದ ಮೇಲೆ ಗುರುತು ಹಾಕಿ. ಅವನು ಹೇಳಿದ್ದನ್ನು ಅವನದೇ ಮಾತಿನಲ್ಲಿ ಬರೆದು, ದಿನ, ಸಮಯ, ಸಹಿ ಹಾಕಿ. ವೈದ್ಯರಿಗೆ ಅದೇ ದಿನ ತಿಳಿಸಿ. ಹಿಂಸೆಯ ಗುರುತು ಕಂಡರೆ ದಾಖಲಿಸಿ ಸಂಬಂಧಪಟ್ಟವರಿಗೆ ವರದಿ ಮಾಡಬೇಕೆಂದು 34ನೆಯ ನಿಯಮ ಹೇಳುತ್ತದೆ. ಹೇಳಿದ್ದರಿಂದ ಆ ಕೈದಿಗೆ ಇನ್ನಷ್ಟು ತೊಂದರೆಯಾಗದಂತೆ ನೋಡಿಕೊಳ್ಳಬೇಕೆಂದೂ ಅದರಲ್ಲೇ ಇದೆ. ಆಗ ಬರೆಯದ ಸಾಲನ್ನು ಆಮೇಲೆ ಯಾರೂ ನಂಬುವುದಿಲ್ಲ.

ಉಪವಾಸ ಮುಷ್ಕರವೂ ಎಂದಾದರೂ ಎದುರಾಗುತ್ತದೆ. ವಿಶ್ವ ವೈದ್ಯಕೀಯ ಸಂಘದ 1991ರ ಮಾಲ್ಟಾ ಘೋಷಣೆ ಇದಕ್ಕೆ ದಾರಿದೀಪ. ಬುದ್ಧಿ ಸ್ಥಿಮಿತದಲ್ಲಿದ್ದು, ತಾನಾಗಿಯೇ ನಿರ್ಧರಿಸಿದವನಿಗೆ ಬಲವಂತವಾಗಿ ಉಣಿಸುವುದು ಸರಿಯಲ್ಲ ಎನ್ನುತ್ತದೆ ಅದು. ನರ್ಸಿನ ಪಾಲಿಗೆ ಬರುವುದು ದಿನಾ ತೂಕ, ಬಿಪಿ ನೋಡುವುದು, ಯಾರದಾದರೂ ಒತ್ತಡವಿದೆಯೇ ಎಂದು ಒಬ್ಬನೇ ಇದ್ದಾಗ ಕೇಳುವುದು. ಉಪವಾಸ ಬಿಟ್ಟ ದಿನ ಇನ್ನೂ ಎಚ್ಚರ ಬೇಕು. ಬಹಳ ದಿನ ಹಸಿದ ದೇಹಕ್ಕೆ ಒಮ್ಮೆಲೇ ಊಟ ಕೊಟ್ಟರೆ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಹೃದಯವೇ ತಾಳ ತಪ್ಪಬಹುದು.

ಇಷ್ಟೆಲ್ಲ ಹೇಳಿದ್ದರಿಂದ ಕಾವಲು ಸಿಬ್ಬಂದಿ ನಿಮ್ಮ ಎದುರಾಳಿಗಳು ಎಂದುಕೊಳ್ಳಬೇಡಿ. ದಿನವಿಡೀ ಕೈದಿಗಳನ್ನು ನೋಡುವವರು ಅವರು. ‘ಸಿಸ್ಟರ್, ಅವನು ಎರಡು ದಿನದಿಂದ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾನೆ’ ಎಂದು ಒಬ್ಬ ಹಳೆಯ ಕಾವಲುಗಾರ ಹೇಳಿದರೆ ಕೆಲಸ ಬಿಟ್ಟು ಹೋಗಿ ನೋಡಿ. ಆತ್ಮಹತ್ಯೆಯ ಅಪಾಯ ಮೊದಲ ಕೆಲವು ದಿನಗಳಲ್ಲಿ, ಕೋರ್ಟಿನಿಂದ ಕೆಟ್ಟ ಸುದ್ದಿ ಬಂದಾಗ, ಮನೆಯಿಂದ ಪತ್ರ ನಿಂತಾಗ ಜಾಸ್ತಿ. ಈ ಬದಲಾವಣೆಗಳು ಮೊದಲು ಅವರ ಕಣ್ಣಿಗೇ ಬೀಳುತ್ತವೆ. ಭದ್ರತೆಯ ವಿಷಯದಲ್ಲಿ ಅವರ ಮಾತು ಕೇಳಿ, ಚಿಕಿತ್ಸೆಯ ವಿಷಯದಲ್ಲಿ ನಿಮ್ಮ ಮಾತು ಅವರು ಕೇಳಲಿ. ಈ ಗೆರೆ ಎರಡೂ ಕಡೆಯವರಿಗೆ ಗೊತ್ತಿರುವ ಜೈಲಿನಲ್ಲಿ ಕೆಲಸ ಮಾಡುವುದು ನಿಜವಾಗಿಯೂ ಸಂತೋಷ.

ಸಂತೋಷ ಎಂದೆ, ಅದನ್ನೂ ಹೇಳಲೇಬೇಕು. ಹೊರಗಿದ್ದಾಗ ಆಸ್ಪತ್ರೆಯ ಮೆಟ್ಟಿಲೇ ಹತ್ತದ ಎಷ್ಟೋ ಜನ ಮೊದಲ ಸಲ ಬಿಪಿ ನೋಡಿಸಿಕೊಳ್ಳುವುದು ಇಲ್ಲಿ. ಕ್ಷಯದ 6 ತಿಂಗಳ ಮಾತ್ರೆಯನ್ನು ಒಂದು ದಿನವೂ ತಪ್ಪದೆ ಮುಗಿಸುವಂತೆ ನೋಡಿಕೊಳ್ಳುವುದು ಹೊರಗಿಗಿಂತ ಇಲ್ಲಿ ಸುಲಭ. ಹೆಪಟೈಟಿಸ್ ಸಿ ಈಗ 8ರಿಂದ 12 ವಾರದ ಮಾತ್ರೆಗಳಲ್ಲಿ ಹೆಚ್ಚಿನವರಿಗೆ ಪೂರ್ತಿ ಗುಣವಾಗುತ್ತದೆ. ಇವರೆಲ್ಲ ಒಂದು ದಿನ ಮನೆಗೆ ಹೋಗುವವರು. ಇವರ ಕಾಯಿಲೆ ವಾಸಿಯಾದರೆ ಹೊರಗಿನ ಮಕ್ಕಳೂ ಉಳಿಯುತ್ತಾರೆ.

ಹೋಗುವ ದಿನದ ಕೆಲಸವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಕೈದಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಬಿಡುಗಡೆಯಾದ ಮೊದಲ 2 ವಾರಗಳಲ್ಲಿ ಅವರು ಸಾಯುವ ಅಪಾಯ ಉಳಿದ ಜನರಿಗಿಂತ 12 ಪಟ್ಟಿಗೂ ಹೆಚ್ಚಿತ್ತು. ಮುಖ್ಯ ಕಾರಣ ಮಾದಕ ವಸ್ತುವಿನ ಅತಿ ಸೇವನೆ. ಒಳಗಿದ್ದಾಗ ದೇಹಕ್ಕೆ ಅಭ್ಯಾಸ ತಪ್ಪಿರುತ್ತದೆ, ಹೊರಗೆ ಹೋದವನು ಹಳೆಯ ಪ್ರಮಾಣವನ್ನೇ ತೆಗೆದುಕೊಳ್ಳುತ್ತಾನೆ. ಕೈಗೊಂದಿಷ್ಟು ದಿನದ ಮಾತ್ರೆ, ಮುಂದಿನ ಆಸ್ಪತ್ರೆಯ ಹೆಸರು, ಈ ಅಪಾಯದ ಬಗ್ಗೆ ಕಣ್ಣು ನೋಡಿ ಹೇಳಿದ ನಾಲ್ಕು ಮಾತು, ಸಿಗುವ ಕಡೆ ಹೆರಾಯಿನ್‌ನಂಥವುಗಳ ಅತಿ ಸೇವನೆಗೆ ಮದ್ದಾದ ನಲಾಕ್ಸೋನ್. ಇಷ್ಟಾದರೂ ಕೊಟ್ಟು ಕಳಿಸಬೇಕು.

ಮನಸ್ಸಿಗೆ ಇದರ ಭಾರ ಬೀಳುತ್ತದೆ. ಕೇಳಬಾರದ ಕಥೆಗಳನ್ನು ಕೇಳುತ್ತೀರಿ. ಕೆಲವರ ಸಾವು ನೋಡುತ್ತೀರಿ. ಎಲ್ಲರನ್ನೂ ಅನುಮಾನಿಸುವ ಚಾಳಿ ಮನೆಗೂ ಬರಬಹುದು. ಒಳಗಿನ ವಿಷಯ ಹೊರಗೆ ಹೇಳುವಂತಿಲ್ಲ, ಹಾಗಾಗಿ ಮನಸ್ಸು ಬಿಚ್ಚಲು ಅಲ್ಲೇ ಕೆಲಸ ಮಾಡುವ ಒಬ್ಬ ಹಿರಿಯ ನರ್ಸ್ ಇದ್ದರೆ ದೊಡ್ಡ ಆಸರೆ.

ನೀವು ಹೋಗಬೇಕೇ? ವಾರ್ಡಿನ ಅನುಭವ ಇದೆ ಎಂದಿದ್ದೀರಿ, ಅದು ಒಳ್ಳೆಯದು. ಓದು ಮುಗಿಸಿ ನೇರವಾಗಿ ಹೋಗುವವರಿಗೆ ನಾನು ಬೇಡ ಎನ್ನುತ್ತೇನೆ, ಏಕೆಂದರೆ ಅಲ್ಲಿ ಕೈ ಹಿಡಿದು ಕಲಿಸುವವರು ಕಡಿಮೆ. ಎಲ್ಲರನ್ನೂ ಉದ್ಧಾರ ಮಾಡುತ್ತೇನೆ ಎಂದು ಹೋಗುವವರು ಬೇಗ ಸೋಲುತ್ತಾರೆ. ಪಾಠ ಕಲಿಸುತ್ತೇನೆ ಎಂದು ಹೋಗುವವರು ಹೋಗಲೇಬಾರದು. ನಿಮ್ಮ ಅಳುಕನ್ನು ನೀವೇ ಬರೆದು ಕೇಳಿದ್ದೀರಿ. ಅದರಿಂದ ನಿಮ್ಮ ಬಗ್ಗೆ ನನಗೆ ಭರವಸೆ ಇದೆ. ಅರ್ಜಿ ಹಾಕಿ.

ಆದರೆ ಒಪ್ಪುವ ಮುಂಚೆ ಕೆಲವು ಉತ್ತರ ಪಡೆಯಿರಿ. ಆರೋಗ್ಯ ವಿಭಾಗ ಯಾರ ಕೈಕೆಳಗಿದೆ ಎಂಬುದು ಮೊದಲನೆಯದು. ನಾರ್ವೆ 1988ರಲ್ಲೇ, ಫ್ರಾನ್ಸ್ 1994ರಲ್ಲಿ ಜೈಲಿನ ಆರೋಗ್ಯ ಸೇವೆಯನ್ನು ಸಾರ್ವಜನಿಕ ಆರೋಗ್ಯ ವ್ಯವಸ್ಥೆಗೆ ಒಪ್ಪಿಸಿದವು. ಉದ್ದೇಶ ಇದೇ, ನರ್ಸ್ ಜೈಲಿನ ಅಧಿಕಾರಿಗೆ ಉತ್ತರ ಕೊಡುವಂತಾಗಬಾರದು. ಜೈಲಿನ ಆಡಳಿತದ ಕೆಳಗೇ ಇದ್ದರೆ, ಚಿಕಿತ್ಸೆಯ ವಿಷಯದಲ್ಲಿ ನಿಮ್ಮ ಮೇಲಧಿಕಾರಿ ವೈದ್ಯರೋ ಅಥವಾ ಜೈಲು ಅಧಿಕಾರಿಯೋ ಎಂದು ಬಿಡಿಸಿ ಕೇಳಿ. ರಾತ್ರಿ ಎಷ್ಟು ಕೈದಿಗಳಿಗೆ ಎಷ್ಟು ನರ್ಸ್? ಫೋನ್ ಮಾಡಿದರೆ ಡಾಕ್ಟರ್ ಸಿಗುತ್ತಾರಾ? ಆಂಬುಲೆನ್ಸ್ ಕರೆಯಲು ಯಾರ ಅನುಮತಿ ಬೇಕು, ಗೇಟಿನಿಂದ ಒಳಗೆ ಬರಲು ಎಷ್ಟು ಹೊತ್ತಾಗುತ್ತದೆ? ಸೇರಿದ ಮೇಲೆ ಎಷ್ಟು ವಾರ ಇನ್ನೊಬ್ಬರ ಜೊತೆ ಡ್ಯೂಟಿ ಇರುತ್ತದೆ? ಹೆಪಟೈಟಿಸ್ ಬಿ ಲಸಿಕೆ, ವರ್ಷಕ್ಕೊಮ್ಮೆ ಕ್ಷಯದ ಪರೀಕ್ಷೆ ಕೊಡುತ್ತಾರಾ?

ಸಾಧ್ಯವಾದರೆ ಒಳಗೆ ಒಮ್ಮೆ ಕರೆದುಕೊಂಡು ಹೋಗಲು ಕೇಳಿ. ಪರೀಕ್ಷೆಯ ಕೋಣೆಗೆ ಬಾಗಿಲಿದೆಯೇ, ಅದನ್ನು ಮುಚ್ಚುತ್ತಾರೆಯೇ ನೋಡಿ. ತುರ್ತು ಪೆಟ್ಟಿಗೆ ತೆರೆದು ಔಷಧಿಗಳ ಕೊನೆಯ ದಿನಾಂಕ ನೋಡಿ. ಅಲ್ಲಿರುವ ನರ್ಸುಗಳು ಎಷ್ಟು ವರ್ಷದಿಂದ ಇದ್ದಾರೆ ಎಂದು ವಿಚಾರಿಸಿ. ಹಳಬರೇ ಇಲ್ಲದಿದ್ದರೆ ಯಾಕೆ ಬಿಟ್ಟು ಹೋದರು ಎಂದೂ ಕೇಳಿ. ಈ ಪ್ರಶ್ನೆಗಳಿಗೆ ಸಿಡುಕುವ ಜಾಗಕ್ಕೆ ಸಂಬಳ ಎಷ್ಟೇ ಇರಲಿ, ಹೋಗಬೇಡಿ. ತಾಳ್ಮೆಯಿಂದ ಉತ್ತರಿಸಿದರೆ ಹೋಗಿ. ಮೊದಲ ಮೂರು ತಿಂಗಳು ಬಹಳ ಗೊಂದಲ ಇರುತ್ತದೆ, ಆಗ ಬಿಡುವ ತೀರ್ಮಾನ ಮಾಡಬೇಡಿ. ಒಂದು ವರ್ಷ ನೋಡಿ. ಮನೆಯವರಿಗೆ ನಿಮ್ಮ ಶಿಫ್ಟ್ ಯಾವಾಗ ಮುಗಿಯುತ್ತದೆ, ತಡವಾದರೆ ಯಾವ ನಂಬರಿಗೆ ಫೋನ್ ಮಾಡಬೇಕು ಎಂದು ಬರೆದುಕೊಟ್ಟು ಹೋಗಿ. ಒಳಗೆ ಮೊಬೈಲ್ ಒಯ್ಯಲು ಬಿಡುವುದಿಲ್ಲವಲ್ಲ, ಹಾಗೆ ಬರೆದುಕೊಟ್ಟರೆ ಅವರ ಅರ್ಧ ಆತಂಕ ಕಡಿಮೆಯಾಗುತ್ತದೆ.